ಜೊಜೊಬಾ ಎಣ್ಣೆ ಮುಖದ ಜಿಡ್ಡು ನಿಲ್ಲಿಸುತ್ತದೆಯೇ?

ಜೊಜೊಬಾ ಹಚ್ಚಿದರೆ ಚರ್ಮ ಜಿಡ್ಡು ಸುರಿಸುವುದನ್ನೇ ನಿಲ್ಲಿಸುತ್ತದೆ, ಮೊಡವೆ ಔಷಧಿ ಬೇಡ ಎಂಬ ವಾಟ್ಸಾಪ್ ಸಂದೇಶವನ್ನು ಜಯನಗರದ ಓದುಗರೊಬ್ಬರು ನಮಗೆ ಕಳಿಸಿದ್ದಾರೆ.

ಹೆಸರಿಗೆ ಎಣ್ಣೆಯಾದರೂ ಇದು ದ್ರವರೂಪದ ಮೇಣ. ನಮ್ಮ ಚರ್ಮದ ಜಿಡ್ಡಿನಲ್ಲೂ ಸುಮಾರು ಕಾಲು ಭಾಗ ಇಂಥದೇ ಮೇಣವಿದೆ. ಸಂದೇಶ ಹುಟ್ಟಿದ್ದು ಈ ಹೋಲಿಕೆಯಿಂದಲೇ ಇರಬೇಕು. ಆದರೆ ಜಿಡ್ಡಿನ ಗ್ರಂಥಿಗಳು ಕೇಳುವುದು ಮುಖ್ಯವಾಗಿ ಹಾರ್ಮೋನುಗಳ ಮಾತನ್ನು, ಮೇಲೆ ಹಚ್ಚಿದ ಎಣ್ಣೆಯದ್ದಲ್ಲ. ಚರ್ಮದ ತೇವ ಆರದಂತೆ ತಡೆಯುತ್ತದೆ, ಅಷ್ಟು ನಿಜ. ವೈದ್ಯರು ಕೊಟ್ಟ ಮೊಡವೆ ಔಷಧಿಯನ್ನು ಇದನ್ನು ನಂಬಿ ಬಿಡಬೇಡಿ.

ಫ್ರಿಜ್‌ನಲ್ಲಿಟ್ಟಾಗ ಗಟ್ಟಿಯಾದರೆ ಕಲಬೆರಕೆ ಎಂದು ಎಸೆಯಲೂಬೇಡಿ. ಡಿಸೆಂಬರ್ ಬೆಳಗ್ಗೆ ಬನಶಂಕರಿಯ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದಿಲ್ಲವೇ? ಅದು ಸುಮಾರು 24 ಡಿಗ್ರಿಗೇ ಗಟ್ಟಿಯಾಗುತ್ತದೆ. ಶುದ್ಧ ಜೊಜೊಬಾಕ್ಕೆ ಸುಮಾರು 10 ಡಿಗ್ರಿಯ ಚಳಿ ಬೇಕು.

ಮೊದಲ ಸಲವಾದರೆ ಮೊಣಕೈ ಒಳಭಾಗಕ್ಕೆ ಒಂದು ಹನಿ ಹಚ್ಚಿ ಒಂದೆರಡು ದಿನ ನೋಡಿ. ತುರಿಕೆ ಬಂದರೆ ಮುಖಕ್ಕೆ ಹಚ್ಚಬೇಡಿ.