ಬೆಳ್ಳಕ್ಕಿಯೂ ಶುದ್ಧಾಹಾರದ ಕಲ್ಪನೆಯೂ

ಸಂಸ್ಕರಿಸದ ಶುದ್ಧವಾದ ಆಹಾರವನ್ನೇ ಉಣ್ಣಬೇಕೆಂಬ ಮಾತು ಈಚೆಗೆ ಎಲ್ಲೆಡೆಯೂ ಕೇಳಿಬರುತ್ತಿದೆ. ಸಂಸ್ಕರಿಸದಿರುವುದೂ ಶುದ್ಧವಾಗಿರುವುದೂ ಒಂದೇ ಎಂಬ ನಂಬಿಕೆ ಈ ಮಾತಿನ ಹಿಂದೆ ಅಡಗಿದೆ. ಸಂಸ್ಕಾರವೆಂಬ ಪದಕ್ಕೆ ನಮ್ಮಲ್ಲಿ ಶುದ್ಧಿಗೊಳಿಸುವುದೆಂಬ ಅರ್ಥವೇ ಹಳೆಯದು. ಸಂಸ್ಕರಿಸದುದೇ ಶುದ್ಧವೆಂದಿದ್ದರೆ ಹಿಂದಿನವರು ನಕ್ಕಿರುತ್ತಿದ್ದರು. ಅನ್ನವನ್ನೇ ಮುಖ್ಯಾಹಾರವಾಗಿ ಉಳ್ಳ ಏಷ್ಯದ ನಾಡುಗಳಲ್ಲಿ ಈ ಎರಡು ಗುಣಗಳು ಒಂದಕ್ಕೊಂದು ಎದುರಾಗಿ ನಿಂತುದನ್ನೂ, ಅದರಿಂದ ಒದಗಿದ ಜೀವಹಾನಿಯನ್ನೂ ನಾವು ಇಲ್ಲಿ ಸಂಗ್ರಹವಾಗಿ ಪರಿಶೀಲಿಸಬಯಸುತ್ತೇವೆ.

ಬತ್ತದ ಉಮಿಯನ್ನು ತೆಗೆದ ಮೇಲೆ ಕಾಳಿನ ಸುತ್ತ ಕಂದು ಅಥವಾ ಕೆಂಪು ಬಣ್ಣದ ತೆಳುವಾದ ಪದರ ಉಳಿಯುವುದು. ಇದೇ ತೌಡಾಗಿ ಉದುರತಕ್ಕುದು. ತೌಡಿನಲ್ಲಿ ಎಣ್ಣೆಯ ಅಂಶವಿರುವುದರಿಂದ ಅದನ್ನು ಕಳೆಯದ ಅಕ್ಕಿ ಬೇಗ ಮುಗ್ಗುವುದು. ಕಳೆದ ಅಕ್ಕಿ ಬಹುಕಾಲ ನಿಲ್ಲುವುದಲ್ಲದೆ ನೋಟಕ್ಕೂ ಬೆಳ್ಳಗಿರುವುದು. ಹೀಗಾಗಿ ವರ್ತಕನಿಗೂ ಉಣ್ಣುವವನಿಗೂ ತೌಡು ಕೊಳೆಯಂತೆ ಕಂಡುದರಲ್ಲಿ ಆಶ್ಚರ್ಯವಿಲ್ಲ. ಕೇಡೆಲ್ಲವೂ ಉಗಿಯಂತ್ರದ ಗಿರಣಿಯಿಂದಲೇ ಬಂದಿತೆಂದು ಹೇಳುವವರುಂಟು. ಅದು ಪೂರ್ಣಸತ್ಯವಲ್ಲ. ಜಪಾನಿನ ಎಡೊ ನಗರದಲ್ಲಿ, ಎಂದರೆ ಇಂದಿನ ಟೋಕಿಯೋದಲ್ಲಿ, ಗಿರಣಿ ಬರುವುದಕ್ಕೆ ಬಹು ಮುಂಚೆಯೇ ಬೆಳ್ಳಗೆ ತಳಿಸಿದ ಅಕ್ಕಿ ಬಳಕೆಯಲ್ಲಿತ್ತು. ಹಳ್ಳಿಯಿಂದ ಬಂದವರಿಗೆ ಅಲ್ಲಿ ಕಾಲು ಜೋಮುಹಿಡಿದು ಬಾತುಕೊಳ್ಳುತ್ತಿತ್ತು. ಊರಿಗೆ ಮರಳಿದರೆ ವಾಸಿಯಾಗುತ್ತಿತ್ತು. ಜನ ಅದನ್ನು ಎಡೊ ವ್ಯಾಧಿಯೆಂದೇ ಕರೆದರು. ಬೆರಿಬೆರಿ ಎಂಬ ಹೆಸರಿನಿಂದ ವೈದ್ಯಶಾಸ್ತ್ರದಲ್ಲಿ ಪ್ರಸಿದ್ಧವಾದುದು ಈ ರೋಗವೇ. ಗಿರಣಿಯು ಸಿರಿವಂತರ ಈ ಬಿಳುಪನ್ನು ಬಡವರಿಗೂ, ಸೈನಿಕರಿಗೂ, ಸೆರೆಯಾಳುಗಳಿಗೂ ಹಂಚಿತೆಂದರೆ ಹೆಚ್ಚು ಸರಿಯಾದೀತು.

1883ರಲ್ಲಿ ದೀರ್ಘಯಾನದಿಂದ ಮರಳಿದ ರ್ಯೂಜೊ ಎಂಬ ಜಪಾನೀ ತರಬೇತಿ ಹಡಗಿನಲ್ಲಿದ್ದ 376 ಮಂದಿಯಲ್ಲಿ 169 ಮಂದಿ ಬೆರಿಬೆರಿಗೆ ತುತ್ತಾಗಿ 25 ಮಂದಿ ಸತ್ತರು. ನೌಕಾದಳದ ವೈದ್ಯ ಟಕಾಕಿ ಕನೆಹಿರೊ 1884ರಲ್ಲಿ ಟ್ಸುಕುಬ ಎಂಬ ಇನ್ನೊಂದು ಹಡಗನ್ನು ಅದೇ ದಾರಿಯಲ್ಲಿ ಕಳುಹಿಸಿ, ನಾವಿಕರಿಗೆ ಮಾಂಸ, ರೊಟ್ಟಿ, ಡಬ್ಬಿಯ ಗಟ್ಟಿಹಾಲು ಮುಂತಾದುವನ್ನು ಕೊಡಿಸಿದನು. ಆ ಹಡಗಿನಲ್ಲಿ ಈ ರೋಗದಿಂದ ಒಬ್ಬನೂ ಸಾಯಲಿಲ್ಲ. ಪ್ರೋಟೀನಿನ ಕೊರತೆಯೇ ರೋಗಕಾರಣವೆಂಬ ಟಕಾಕಿಯ ಊಹೆ ತಪ್ಪಾಗಿತ್ತು. ಚಿಕಿತ್ಸೆ ಮಾತ್ರ ಫಲಿಸಿತು.

ನಿಜವಾದ ಕಾರಣದ ಸುಳಿವು ದೊರೆತುದು ಜಾವಾದಲ್ಲಿ, ಅದೂ ಕೋಳಿಗಳಿಂದ. ಡಚ್ಚರ ಸೈನಿಕ ಆಸ್ಪತ್ರೆಯ ಅಡಿಗೆಮನೆಯಲ್ಲಿ ಮಿಕ್ಕ ಬಿಳಿಯ ಅನ್ನವನ್ನು ತಿನ್ನುತ್ತಿದ್ದ ಪ್ರಯೋಗಶಾಲೆಯ ಕೋಳಿಗಳ ಕಾಲು ಸೋತುದನ್ನು ಕ್ರಿಸ್ಟಿಯಾನ್ ಐಕ್ಮನ್ ಕಂಡನು. ಹೊಸದಾಗಿ ಬಂದ ಅಡಿಗೆಯವನು ಸೈನ್ಯದ ಅನ್ನವನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಹಾಕಲು ಒಪ್ಪಲಿಲ್ಲ. ಅಗ್ಗದ, ತೌಡುಳ್ಳ ಅಕ್ಕಿಯನ್ನು ತಿಂದು ಕೋಳಿಗಳು ಚೇತರಿಸಿಕೊಂಡುವು. ವಿಜ್ಞಾನದ ಚರಿತ್ರೆಯು ಆ ಅಡಿಗೆಯವನಿಗೆ ಋಣಿಯಾಗಿದೆ. ಬಳಿಕ ಅಡಾಲ್ಫ್ ವೋರ್ಡರ್ಮನ್ ಎಂಬ ಅಧಿಕಾರಿ ಜಾವಾ ಮತ್ತು ಮದುರಾಗಳ 101 ಸೆರೆಮನೆಗಳ ಲೆಕ್ಕವನ್ನು 1897ರಲ್ಲಿ ಪ್ರಕಟಿಸಿದನು. ಬಿಳಿಯ ಅಕ್ಕಿಯನ್ನು ಕೊಡುತ್ತಿದ್ದ 51 ಸೆರೆಮನೆಗಳಲ್ಲಿ 36ರಲ್ಲಿ ಬೆರಿಬೆರಿ ಇತ್ತು. ತೌಡುಳ್ಳ ಅಕ್ಕಿಯ 37ರಲ್ಲಿ ಇದ್ದುದು ಒಂದರಲ್ಲಿ ಮಾತ್ರ. ಆದರೂ ಅಕ್ಕಿಯಲ್ಲಿ ವಿಷವಿದೆ, ತೌಡು ಅದನ್ನು ಅಡಗಿಸುತ್ತದೆ ಎಂದೇ ಐಕ್ಮನ್ ಮೊದಲು ಭಾವಿಸಿದನು. ಆಹಾರದಲ್ಲಿ ಬೇಡದುದು ಸೇರಿ ರೋಗ ಬರುವುದೆಂಬುದು ಆ ಕಾಲದ ದೃಷ್ಟಿ. ಬೇಕಾದುದು ಕಳೆದುಹೋಗಿಯೂ ರೋಗ ಬಂದೀತೆಂದು 1901ರಲ್ಲಿ ತೋರಿಸಿದವನು ಗೆರಿಟ್ ಗ್ರೈನ್ಸ್. ಹಾಗೆ ಕಳೆದುಹೋದ ಜೀವಸತ್ವವೇ ಇಂದು ನಾವು ಥಯಮಿನ್ ಎನ್ನುವುದು.

ಇಲ್ಲಿಯವರೆಗಿನ ಸಂಗತಿಗಳಿಂದ, ಸಂಸ್ಕಾರ ಕಡಿಮೆಯಾದಷ್ಟೂ ಆಹಾರ ಒಳ್ಳೆಯದೆಂಬ ನಿರ್ಣಯಕ್ಕೆ ಬರಲು ಮನಸ್ಸಾಗುವುದು. ಆದರೆ ಕುಸುಬಲಕ್ಕಿ ಅದಕ್ಕೆ ಅಡ್ಡ ಬರುತ್ತದೆ. ಬತ್ತವನ್ನು ನೆನೆಯಿಟ್ಟು, ಬೇಯಿಸಿ, ಒಣಗಿಸಿ, ಆಮೇಲೆ ಕುಟ್ಟಿದ ಈ ಅಕ್ಕಿ ಬರಿಯ ಕುಟ್ಟಿದ ಅಕ್ಕಿಗಿಂತ ಹೆಚ್ಚು ಸಂಸ್ಕಾರವನ್ನು ಪಡೆದುದು. ಬೇಯುವಾಗ ತೌಡಿನ ಥಯಮಿನ್ ಕಾಳಿನ ಒಳಕ್ಕೆ ಇಳಿಯುವುದರಿಂದ, ಅನಂತರ ತಳಿಸಿದರೂ ತೊಳೆದರೂ ಅದರ ಬಹುಭಾಗ ಉಳಿಯುವುದು. ಕ್ವಾಲಾಲಂಪುರದ ಮನೋರೋಗಿಗಳ ಆಸ್ಪತ್ರೆಯಲ್ಲಿ ವಿಲಿಯಂ ಫ್ಲೆಚರ್ 1905-06ರಲ್ಲಿ ಒಂದು ಗುಂಪಿಗೆ ಸಯಾಮಿನ ಬಿಳಿಯ ಅಕ್ಕಿಯನ್ನೂ ಇನ್ನೊಂದಕ್ಕೆ ಭಾರತದ ಕುಸುಬಲಕ್ಕಿಯನ್ನೂ ಕೊಟ್ಟನು. ಮೊದಲನೆಯ ಗುಂಪಿನಲ್ಲಿ 18 ಮಂದಿ ಬೆರಿಬೆರಿಯಿಂದ ಸತ್ತರು. ಎರಡನೆಯದರಲ್ಲಿ ಯಾರೂ ಸಾಯಲಿಲ್ಲ. ಭಾರತದಲ್ಲಿಯೂ ಈ ರೋಗ ಮುಖ್ಯವಾಗಿ ಕಂಡುಬಂದುದು ಗಿರಣಿಯ ಹಸಿಯಕ್ಕಿಯನ್ನು ಉಣ್ಣುತ್ತಿದ್ದ ಆಂಧ್ರದ ಕರಾವಳಿಯಲ್ಲಿ. ನಮ್ಮ ಕರಾವಳಿಯವರ ನಿತ್ಯದ ಗಂಜಿ ಕುಸುಬಲಕ್ಕಿಯದು. ಆದರೆ ದೇವರ ನೈವೇದ್ಯಕ್ಕೆ ಅವರೂ ಬಳಸುವುದು ಬೆಳ್ತಿಗೆ ಅಕ್ಕಿಯನ್ನೇ. ಒಮ್ಮೆ ಬೆಂದ ಅಕ್ಕಿ ಮಡಿಗೆ ಸಲ್ಲದು. ಹಳೆಯ ಮೈಸೂರಿನ ರಾಗಿಯ ವಿಷಯ ಬೇರೆ: ಅದರ ಪುಟ್ಟ ಕಾಳಿಗೆ ಹೊಟ್ಟು ಬಿಗಿಯಾಗಿ ಅಂಟಿರುವುದರಿಂದ ಇಡಿಯಾಗಿ ಬೀಸುವುದಲ್ಲದೆ ಗತ್ಯಂತರವಿರಲಿಲ್ಲ.

1934ರ ಡಿಸೆಂಬರಿನಲ್ಲಿ ವಾರ್ಧಾದಲ್ಲಿ ಸ್ಥಾಪಿತವಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘದ ಮೂಲಕ ಗಾಂಧೀಜಿಯವರೂ ಜೆ. ಸಿ. ಕುಮಾರಪ್ಪನವರೂ ಕೈಕುಟ್ಟಿನ ಅಕ್ಕಿಯ ಪ್ರಚಾರಕ್ಕೆ ತೊಡಗಿದರು. ಅಲ್ಲಿ ಆರೋಗ್ಯದೊಡನೆ ಕುಟ್ಟುವವರ ಕೂಲಿಯ ಪ್ರಶ್ನೆಯೂ ಸೇರಿತ್ತು; ಇಂದಿನ ಶುದ್ಧಾಹಾರದ ಚರ್ಚೆಯಲ್ಲಿ ಈ ಎರಡನೆಯ ಪ್ರಶ್ನೆ ಮಾಯವಾದುದನ್ನು ನಾವು ಗಮನಿಸಬೇಕು. ಕೈಕುಟ್ಟಿನ ಉದ್ಯಮದ ರಕ್ಷಣೆಯನ್ನೂ ಉದ್ದೇಶವಾಗಿಟ್ಟುಕೊಂಡು 1958ರಲ್ಲಿ ಬಂದ ಅಕ್ಕಿ ಗಿರಣಿಗಳ ನಿಯಂತ್ರಣ ಶಾಸನವು 1997ರಲ್ಲಿ ರದ್ದಾಯಿತು. ಬ್ರೆಜಿಲಿನ ಕಾರ್ಲೊಸ್ ಮೊಂಟೇರೊ 2009ರಲ್ಲಿ ಆರಂಭಿಸಿದ, ಈಗ ಬಹುವಾಗಿ ಉಲ್ಲೇಖಿತವಾಗುವ ನೋವಾ ವರ್ಗೀಕರಣದಲ್ಲಿ ತೌಡುಳ್ಳ ಅಕ್ಕಿ, ಕುಸುಬಲಕ್ಕಿ, ಬಿಳಿಯ ಅಕ್ಕಿ ಮೂರೂ ಸಂಸ್ಕರಿಸದ ಅಥವಾ ಅಲ್ಪವಾಗಿ ಸಂಸ್ಕರಿಸಿದ ಪದಾರ್ಥಗಳ ಮೊದಲನೆಯ ವರ್ಗಕ್ಕೇ ಸೇರಿವೆ. ಟ್ಸುಕುಬದ ನಾವಿಕರು ಕುಡಿದ ಡಬ್ಬಿಯ ಹಾಲಿಗೆ ಆ ವರ್ಗದಲ್ಲಿ ಸ್ಥಳವಿಲ್ಲ.