ಮೆಣಸಗಿಯಲ್ಲಿ ಕೂಡುವ ಎರಡು ನೀರು

ಸಂಗಮ ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ಕೂಡಲಸಂಗಮ. ಅಲ್ಲೀಗ ನಾರಾಯಣಪುರ ಜಲಾಶಯದ ಹಿನ್ನೀರು ನಿಲ್ಲುತ್ತದೆ. ಕೃಷ್ಣೆ ಯಾವುದು, ಮಲಪ್ರಭೆ ಯಾವುದು ಎಂದು ಬಣ್ಣ ನೋಡಿ ಹೇಳುವುದು ಕಷ್ಟ. ನೀರಿನ ಬಣ್ಣ ಎಲ್ಲಿಂದ ಬರುತ್ತದೆಂದು ತಿಳಿಯಲು ಮಳೆಗಾಲದಲ್ಲಿ ರೋಣ ತಾಲ್ಲೂಕಿನ ಮೆಣಸಗಿಗೆ ಹೋಗಬೇಕು. ಬೆಣ್ಣಿಹಳ್ಳ ಮಲಪ್ರಭೆಯನ್ನು ಕೂಡುವುದು ಇದೇ ಊರಿನ ಹತ್ತಿರ.

ಎರಡೂ ಹಾಯ್ದು ಬಂದ ನೆಲ ಬೇರೆ ಬೇರೆ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಕಬ್ಬಿಣದಂಶದ ಕೆಂಪು ಜಂಬಿಟ್ಟಿಗೆ ನೆಲದಲ್ಲಿ. ಸವದತ್ತಿ ಬಳಿ ನವಿಲುತೀರ್ಥದಲ್ಲಿ ಅಣೆಕಟ್ಟು ಎದ್ದ ಮೇಲೆ ಆ ನೆಲದ ಹೂಳು ಬಹುಪಾಲು ಜಲಾಶಯದ ತಳ ಸೇರುತ್ತದೆ. ಕೆಳಗೆ ಬಿಡುವ ನೀರು ಅಷ್ಟರಮಟ್ಟಿಗೆ ತಿಳಿ. ಬೆಣ್ಣಿಹಳ್ಳವನ್ನು ಅಂಥ ದೊಡ್ಡ ಕಟ್ಟೆ ತಡೆದಿಲ್ಲ. ಶಿಗ್ಗಾವಿ ತಾಲ್ಲೂಕಿನ ದುಂಡಶಿ ಕಡೆಯಿಂದ ಹೊರಟು ಕುಂದಗೋಳ, ನವಲಗುಂದದ ಕಪ್ಪು ಎರೆಭೂಮಿಯನ್ನು ಕೊರೆಯುತ್ತ ಬರುತ್ತದೆ. ಕೆಂಪು ಮಸಾರಿ ನೆಲದ ಮರಳು ನೀರಿಗೆ ಬಿದ್ದ ಸ್ವಲ್ಪ ಹೊತ್ತಿಗೇ ತಳ ಹಿಡಿಯುತ್ತದೆ. ಎರೆಯ ಜೇಡಿಕಣ ಅತಿ ಸಣ್ಣದು, ಗಂಟೆಗಟ್ಟಲೆ ತೇಲುತ್ತದೆ. ಹಳ್ಳದ ಕಪ್ಪು ರಾಡಿಗೆ ಕಾರಣ ಇದೇ.

ಕೂಡಿದ ಮಾತ್ರಕ್ಕೆ ನೀರು ಬೆರೆಯುವುದಿಲ್ಲ. ಒಂದರ ಸೆಳವು ಜೋರು, ಇನ್ನೊಂದರದು ಕಮ್ಮಿ. ಮಣ್ಣು ಹೊತ್ತ ನೀರಿನ ತೂಕವೂ ಹೆಚ್ಚು. ಅಂಚಿನಲ್ಲಿ ಸುಳಿ ಎದ್ದಷ್ಟೇ ಬೆರಕೆ. ಬ್ರೆಜಿಲಿನ ಮನೌಸ್ ಬಳಿ ರಿಯೊ ನೀಗ್ರೊ ಮತ್ತು ಸೊಲಿಮೊಯಿಸ್ ಸುಮಾರು 6 ಕಿ.ಮೀ. ಹೀಗೆಯೇ ಅಕ್ಕಪಕ್ಕ ಹರಿಯುತ್ತವೆ. ಅಲ್ಲಿಯ ಕಪ್ಪು ಕಾಡಿನಲ್ಲಿ ಕೊಳೆತ ಎಲೆಗಳದ್ದು. ಇಲ್ಲಿಯದು ಹೊಲದ್ದು.

ಹೊಲ ಹಾಯದ ನೀರು ಹೇಗಿರುತ್ತದೆಂದು ನೋಡಲು ಗಜೇಂದ್ರಗಡಕ್ಕೆ ಹೋಗಬೇಕು. ಅಲ್ಲಿ ಹೊಳೆಯೇ ಇಲ್ಲ. ಕಾಲಕಾಲೇಶ್ವರ ಗುಡಿಯ ಅಂತರಗಂಗೆ ಗುಡ್ಡದ ಬಂಡೆಯೊಳಗಿಂದ ಸೋಸಿಕೊಂಡು ಬರುತ್ತದೆ. ಉಳುವ ನೆಲ ಮುಟ್ಟದ ಆ ನೀರಿಗೆ ಬಣ್ಣವೂ ಇಲ್ಲ.

ನರಗುಂದ ಸೀಮೆಗೆ ಮಲಪ್ರಭೆಯೆಂದರೆ ಕಾಲುವೆ, ಕಾಲುವೆಯೆಂದರೆ 1980ರ ಜುಲೈ 21. ಬೆಟರ್‌ಮೆಂಟ್ ಲೆವಿ ಎಂಬ ಅಭಿವೃದ್ಧಿ ಕರ ವಿರೋಧಿಸಿ ಎದ್ದ ರೈತರ ಮೇಲೆ ಅಂದು ಗೋಲಿಬಾರ್ ನಡೆಯಿತು. 2019ರ ಆಗಸ್ಟಿನಲ್ಲಿ ಅದೇ ಹೊಳೆ ಉಕ್ಕಿ ಕೊಣ್ಣೂರು, ಲಖಮಾಪುರ, ಮೆಣಸಗಿ, ಹೊಳೆಆಲೂರಿಗೆ ನುಗ್ಗಿತು. ಕಾಲುವೆ ನೀರಿನ ಸಂಕಟ, ನುಗ್ಗಿದ ನೀರಿನ ಸಂಕಟ ಎರಡೂ ದಾಖಲಾಗಿವೆ. ನೀರಿನೊಡನೆ ಹೋಗುವ ಮಣ್ಣಿನ ಲೆಕ್ಕ ಕೇಳುವವರು ಕಡಿಮೆ, ನನ್ನ ಚಿಂತೆ ಅದು.

ಎರೆಹೊಲಕ್ಕೆ ಹಿಂಗಾರಿಯೇ ದೊಡ್ಡದು: ಕಡಲೆ, ಬಿಳಿಜೋಳ, ಕುಸುಬಿ. ಹಾಗಾಗಿ ಮುಂಗಾರಿಯಲ್ಲಿ ಎಷ್ಟೋ ಹೊಲ ಬರಿದೇ ಬಿದ್ದಿರುತ್ತವೆ, ಮಳೆ ನೇರ ಮಣ್ಣಿಗೇ ಬಡಿಯುತ್ತದೆ. ಬದು ಒಡೆದಿದ್ದರೆ ಮೇಲ್ಮಣ್ಣು ಹಳ್ಳದ ಪಾಲು. ಹೆಸರು ಬಿತ್ತಿದ ಹೊಲದಲ್ಲಿ ಅದರ ಹಸಿರು ಹೊದಿಕೆ ಒಂದಿಷ್ಟು ಮಣ್ಣನ್ನಾದರೂ ಹಿಡಿಯುತ್ತದೆ. ಬದು ಕಟ್ಟುವ, ಕೃಷಿಹೊಂಡದ ಹೂಳು ತೆಗೆಯುವ ಕೆಲಸ ಬೇಸಿಗೆಯಲ್ಲೇ ಮುಗಿಯಬೇಕು. ರೋಹಿಣಿ ಮಳೆ ಹಿಡಿದ ಮೇಲೆ ಎರೆಹೊಲದಲ್ಲಿ ಕಾಲಿಡಲೂ ಆಗುವುದಿಲ್ಲ.