ಆಪ್ತಸಲಹೆ ಯಾವ ಭಾಷೆಯಲ್ಲಿ? ಮುಂಬಯಿಯ ಸಲಿಂಗಿಗಳ ಮನೋಚಿಕಿತ್ಸೆಯ ಚರಿತ್ರೆ

ಪರದೆಯ ಮೇಲೆ ಗಂಡಸಿನ ಚಿತ್ರ ಮೂಡುತ್ತದೆ. ಎದುರಿಗೆ ಕುಳಿತವನು ಗುಂಡಿ ಒತ್ತಿ ಅದನ್ನು ಸರಿಸಬೇಕು. ತಡಮಾಡಿದರೆ ಕರೆಂಟ್ ಶಾಕ್. ಸಲಿಂಗಪ್ರೇಮವನ್ನು ‘ಬಿಡಿಸುವ’ ಈ ಬಗೆಯ ಚಿಕಿತ್ಸೆಯ ವರದಿಯೊಂದು ‘ಇಂಡಿಯನ್ ಜರ್ನಲ್ ಆಫ್ ಸೈಕಿಯಾಟ್ರಿ’ಯಲ್ಲಿ 1979ರಲ್ಲಿ ಅಚ್ಚಾಯಿತು. 1982ರಲ್ಲಿ ಮುಂಬಯಿಯ ಮೂವರು ವೈದ್ಯರು ಅದೇ ಪತ್ರಿಕೆಯಲ್ಲಿ ನಡವಳಿಕೆ ತಿದ್ದುವ ಚಿಕಿತ್ಸೆಯ ಬಗ್ಗೆ ಬರೆದರು. ಸಲಿಂಗಪ್ರೇಮ ಕಾಯಿಲೆಯೇ ಅಲ್ಲವೆಂದು ಅಮೆರಿಕದ ಮನೋವೈದ್ಯರ ಸಂಘ 1973ರಲ್ಲೇ ತೀರ್ಮಾನಿಸಿತ್ತು. ಅಷ್ಟು ದೂರ ಹೋಗುವುದೇಕೆ, ಬೆಂಗಳೂರಿನಲ್ಲಿ ಹುಟ್ಟಿದ ಗಣಿತಪ್ರತಿಭೆ ಶಕುಂತಲಾ ದೇವಿ 1977ರಲ್ಲಿ ‘ದಿ ವರ್ಲ್ಡ್ ಆಫ್ ಹೋಮೋಸೆಕ್ಷುವಲ್ಸ್’ ಬರೆದು ಸಲಿಂಗಿಗಳ ಪರ ನಿಂತಿದ್ದರು. ಲೆಕ್ಕದವರಿಗೆ ಹೊಳೆದದ್ದು ಮದ್ದಿನವರಿಗೆ ಹೊಳೆಯಲು ತಡವಾಯಿತು.

ಮುಂಬಯಿಯಲ್ಲಿ ಗಾಳಿ ಬದಲಾದದ್ದು ಆಸ್ಪತ್ರೆಯ ಹೊರಗೆ. 1990ರಲ್ಲಿ ಅಶೋಕ್ ರಾವ್ ಕವಿ ‘ಬಾಂಬೆ ದೋಸ್ತ್’ ಪತ್ರಿಕೆ ಹೊರಡಿಸಿದರು. 1994ರಲ್ಲಿ ಹಮ್‌ಸಫರ್ ಟ್ರಸ್ಟ್ ಹುಟ್ಟಿ, ಸಾಂತಾಕ್ರೂಜ್‌ನ ವಾಕೋಲಾದಲ್ಲಿ ನೆಲೆ ಕಂಡಿತು. ನನ್ನ ದೃಷ್ಟಿಯಲ್ಲಿ ನಗರದ ಸಲಿಂಗಿಗಳಿಗೆ ನಿಜವಾದ ಆಪ್ತಸಲಹೆ ಶುರುವಾದದ್ದು ಇಂಥ ಜಾಗಗಳಲ್ಲಿ, ತಮ್ಮವರ ನಡುವೆ ಕುಳಿತ ಮಾತಿನಲ್ಲಿ.

ಅಮೆರಿಕದ ಕಪ್ಪುಜನರ ಅನುಭವ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಕಪ್ಪು ಮನಶ್ಶಾಸ್ತ್ರಜ್ಞರು 1968ರಲ್ಲೇ ತಮ್ಮದೇ ಸಂಘ ಕಟ್ಟಿಕೊಂಡರು. ಸಲಿಂಗಿಗಳನ್ನು ಇದ್ದಂತೆಯೇ ಒಪ್ಪುವ ಚಿಕಿತ್ಸೆಗೆ ಅದೇ ದೇಶದ ಮನಶ್ಶಾಸ್ತ್ರಜ್ಞ ಅಲನ್ ಮೆಲ್ಯನ್ 1982ರಲ್ಲಿ ಒಂದು ಚೌಕಟ್ಟು ಕೊಟ್ಟರು. ಆದರೆ ‘ಎಲ್ಲರಿಗೂ ಹೇಳಿಬಿಡು, ಒಪ್ಪದಿದ್ದರೆ ಮನೆ ಬಿಡು’ ಎಂಬ ಸಲಹೆ ಕಪ್ಪು ಸಲಿಂಗಿಗೆ ಹೊಂದುವುದಿಲ್ಲ. ವರ್ಣಭೇದದಿಂದ ಅವನನ್ನು ಕಾಯುವುದೂ ಅದೇ ಮನೆ, ಅದೇ ಚರ್ಚು. ನಮ್ಮಲ್ಲಿ ಬಣ್ಣದ ಜಾಗದಲ್ಲಿ ಜಾತಿಯನ್ನಿಟ್ಟು ನೋಡಿ. ಕರ್ನಾಟಕದಿಂದ ಮುಂಬಯಿಗೆ ಬಂದು, ಊರಿನವರ ಹೋಟೆಲಿನಲ್ಲಿ ದುಡಿದು, ಊರಿನವರ ಜೊತೆಯೇ ಖೋಲಿಯಲ್ಲಿ ಮಲಗುವ ಹುಡುಗನಿಗೆ ಮನೆ, ಕೆಲಸ, ಜಾತಿ ಮೂರೂ ಒಂದೇ ಗಂಟು. ಹೆಲ್ಪ್‌ಲೈನಿಗೆ ಫೋನ್ ಮಾಡಲು ಅವನು ಮಾರ್ವೆಯ ಕಡಲ ದಂಡೆಗೇ ಹೋಗಬೇಕು. ಅಲ್ಲಿಯೂ ಆ ಕಡೆಯ ದನಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ?

ಕನ್ನಡದ್ದೇ ಒಂದು ತೊಡಕಿದೆ. ನಮ್ಮ ಪತ್ರಿಕೆಗಳು ರೂಢಿಸಿದ ‘ಸಲಿಂಗಕಾಮಿ’ ಎಂಬ ಮಾತಿನಲ್ಲಿ ಪ್ರೀತಿಗೆ ಜಾಗವಿಲ್ಲ, ಇರುವುದು ಕಾಮ ಮಾತ್ರ. ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’ (2013) ಬಂದ ಮೇಲೆ ಒಳಗಿನ ಸಂಕಟಕ್ಕೆ ನಮ್ಮದೇ ಮಾತು ಸಿಕ್ಕಿತು. ಆಪ್ತಸಲಹೆಯ ಯಾವ ಪಠ್ಯಕ್ಕೂ ಈ ಪುಸ್ತಕವನ್ನು ಸೇರಿಸಬಹುದು.

ಮುಂದಿನದು ಬೇಗ ನಡೆಯಿತು. 2018ರಲ್ಲಿ ಭಾರತೀಯ ಮನೋವೈದ್ಯರ ಸಂಘ ಸಲಿಂಗಪ್ರೇಮ ಕಾಯಿಲೆಯಲ್ಲವೆಂದು ಸಾರಿತು. ಆಗ ಅಧ್ಯಕ್ಷರಾಗಿದ್ದವರು ಬೆಂಗಳೂರಿನ ಡಾ. ಅಜಿತ್ ಭಿಡೆ. ಅದೇ ವರ್ಷದ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಹಲ್ಲು ಕಿತ್ತಿತು. ಮುಂಬಯಿಯ ಮಾರಿವಾಲಾ ಹೆಲ್ತ್ ಇನಿಶಿಯೇಟಿವ್ ಸಲಹೆಗಾರರಿಗೆಂದೇ ಸಲಿಂಗಿಗಳನ್ನು ಇದ್ದಂತೆ ಒಪ್ಪುವ ಆಪ್ತಸಲಹೆಯ ತರಬೇತಿ ಆರಂಭಿಸಿತು. 2021ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್, ಸಲಿಂಗಿ ಜೋಡಿಯೊಂದರ ಪ್ರಕರಣದಲ್ಲಿ ತೀರ್ಪು ಬರೆಯುವ ಮೊದಲು ತಾವೇ ಮನಶ್ಶಾಸ್ತ್ರಜ್ಞರ ಬಳಿ ಪಾಠ ಹೇಳಿಸಿಕೊಂಡರು. ಈ ಇಡೀ ಚರಿತ್ರೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಆ ವಿನಯ.

‘ಮದುವೆ ಮಾಡಿ, ಸರಿಹೋಗುತ್ತಾನೆ’ ಎನ್ನುವವರು ಇನ್ನೂ ಇದ್ದಾರೆ. ಲೈಂಗಿಕ ಒಲವನ್ನು ಬದಲಿಸುತ್ತೇನೆಂದು ವೈದ್ಯರು ಚಿಕಿತ್ಸೆ ಕೊಟ್ಟರೆ ಅದು 2022ರಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗದ ಪ್ರಕಾರ ವೃತ್ತಿಪರ ದುರ್ನಡತೆ. ರಾಜ್ಯ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು.